ಗುಟ್ಟಿಯ ಗಂಟು ಹಿಡಿದು ಐದು ದಿನ

ಡಿಸೆಂಬರ್ ಕೊನೆಯ ವಾರದಲ್ಲಿ ನನ್ನ ತಂಗಿಯ ಮಗಳು ಹೆತ್ತಾಗ, ತೇರದಾಳದ ಸಮೀಪದ ಹಳ್ಳಿಯಲ್ಲಿರುವ ನಮ್ಮ ಚಿಗವ್ವ ಬಾಣಂತಿಗೆಂದು ಅಂಟಿನ ಉಂಡೆಗಳನ್ನು ಕಟ್ಟಿ, ಅದರ ಜೊತೆಗೆ ಒಂದು ಚಿಕ್ಕ ಅರಿವೆಯ ಗಂಟನ್ನೂ ಧಾರವಾಡಕ್ಕೆ ಕಳುಹಿಸಿಕೊಟ್ಟಳು. ಅದು ಗುಟ್ಟಿಯ ಗಂಟು. ಹಸುಗೂಸಿಗೆ ಎರೆದು ಮಲಗಿಸುವ ಮೊದಲು ಅದರೊಳಗಿನ ಬೇರು, ಕಾಯಿ, ಕೊಂಬುಗಳನ್ನು ಒಂದೊಂದಾಗಿ ಸಾಣೆಕಲ್ಲಿನ ಮೇಲೆ ತಾಯಿಯ ಹಾಲಿನಲ್ಲಿ ತೇಯ್ದು ನೆಕ್ಕಿಸುವುದು ನಮ್ಮ ಕಡೆಯ ರೂಢಿ. ನಮ್ಮ ಆಯಿ, ಅಂದರೆ ತಂದೆಯ ತಾಯಿ, ತನ್ನ ಮಕ್ಕಳನ್ನೂ ನಮ್ಮನ್ನೂ ಇದೇ ಗಂಟಿನಿಂದ ಸಾಕಿದ್ದಳು. ತಂಗಿ ಅದನ್ನು ಬಿಚ್ಚಿ ಚಾಪೆಯ ಮೇಲೆ ಹರವಿದಾಗ ಒಂಬತ್ತು ತುಣುಕುಗಳು ಹೊರಬಂದವು. ಬಜೆ, ಜಾಯಿಕಾಯಿ, ಉತ್ತತ್ತಿ, ಅರಿಷಿಣದ ಕೊಂಬು ಇವು ನಮಗೆ ಗುರುತು ಸಿಕ್ಕವು. ಉಳಿದವುಗಳಲ್ಲಿ ಒಂದು ತೂತುಬಿದ್ದ ಗೋಲಿಯಂತಿತ್ತು, ಒಂದು ಹಗ್ಗದಂತೆ ಹುರಿಗೊಂಡಿತ್ತು, ಒಂದು ಕಪ್ಪಗೆ ಸುಕ್ಕುಗಟ್ಟಿತ್ತು, ಇನ್ನೆರಡು ಬೆರಳ ತುದಿಯಷ್ಟಿದ್ದ ಬೂದುಬಣ್ಣದ ಗಡ್ಡೆಗಳಾಗಿದ್ದವು.

ಮಕ್ಕಳ ವೈದ್ಯರು ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲಲ್ಲದೆ ನೀರನ್ನೂ ಕೊಡಬಾರದೆಂದು ಸ್ಪಷ್ಟವಾಗಿ ಹೇಳಿದ್ದರು, ಮತ್ತು ನಾನು ಅವರ ಮಾತಿನ ಕಡೆಯವಳಾಗಿದ್ದೆ. ಆದರೂ ತಂಗಿ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. "ಬ್ಯಾಡ ಅಂತೀಯಲ್ಲಕ್ಕಾ, ಇದರಾಗ ಏನೇನೈತಿ ಅನ್ನೂದರೆ ನಿನಗ ಗೊತ್ತೈತೇನು?" ಎಂದು ಅವಳು ಕೇಳಿದ್ದಳು. ಕೊಡುವುದಾಗಲಿ ಬಿಡುವುದಾಗಲಿ ತಿಳಿದು ಮಾಡಬೇಕಾದ ಕೆಲಸವೆಂದು ನನಗೆ ಅನ್ನಿಸಿತು. ಜನವರಿಯಲ್ಲಿ ಐದು ದಿನ ಬಿಡುವು ಮಾಡಿಕೊಂಡು, ಗಂಟನ್ನು ಕೈಚೀಲದಲ್ಲಿಟ್ಟುಕೊಂಡು ಹೊರಟೆ.

ಮೊದಲ ದಿನ: ಬೆಳಗಾವಿ

ಬೆಳಗಾವಿಯನ್ನು ಮೊದಲು ಆರಿಸಿಕೊಳ್ಳಲು ಕಾರಣವಿತ್ತು. ಶಹಾಪುರದಲ್ಲಿ 1933ರಿಂದ ಆಯುರ್ವೇದ ಮಹಾವಿದ್ಯಾಲಯವೊಂದು ನಡೆದುಬಂದಿದೆ. ನೆಹರೂ ನಗರದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ರಾಷ್ಟ್ರೀಯ ಪಾರಂಪರಿಕ ವೈದ್ಯಕೀಯ ಸಂಸ್ಥೆ ಇದೆ. ಹೀಗಾಗಿ ಗಿಡಮೂಲಿಕೆಗಳನ್ನು ಗ್ರಂಥದಿಂದಲೂ ಸೂಕ್ಷ್ಮದರ್ಶಕದಿಂದಲೂ ಬಲ್ಲವರು ಈ ಊರಿನಲ್ಲಿ ನೆಲೆಸಿದ್ದಾರೆ. ಅಂಥ ಒಬ್ಬರು, ಬಹಳ ವರ್ಷ ದ್ರವ್ಯಗುಣವನ್ನು, ಅಂದರೆ ಮೂಲಿಕೆಗಳ ಗುರುತು ಗುಣಗಳನ್ನು ಹೇಳುವ ಆಯುರ್ವೇದದ ಶಾಸ್ತ್ರವನ್ನು, ಕಲಿಸಿ ನಿವೃತ್ತರಾದ ಅಧ್ಯಾಪಕಿ, ಪರಿಚಿತರ ಮೂಲಕ ನನಗೆ ಒಂದು ಮಧ್ಯಾಹ್ನವನ್ನು ಕೊಟ್ಟರು.

ಅವರು ಬಿಳಿಯ ಕಾಗದದ ಮೇಲೆ ಒಂಬತ್ತನ್ನೂ ಸಾಲಾಗಿ ಇಟ್ಟು, ಹೆಸರು ಹೇಳುವ ಮೊದಲು ಪ್ರತಿಯೊಂದನ್ನೂ ಮೂಸಿ ನೋಡಿದರು. ಗೋಲಿಯಂಥದ್ದನ್ನು ಎತ್ತಿ, "ಇದನ್ನ ನಿಮ್ಮಲ್ಲಿ ಮಾಚಿಕಾಯಿ ಅಂತಾರ. ಆದರ ಇದು ಕಾಯಿನ ಅಲ್ಲ" ಎಂದರು. ಟರ್ಕಿ, ಇರಾನ್ ಕಡೆಯ ಓಕ್ ಮರದ ಎಳೆಯ ಟೊಂಗೆಯಲ್ಲಿ ಸಣ್ಣದೊಂದು ಕಣಜ ಮೊಟ್ಟೆಯಿಟ್ಟಾಗ ಮರವು ಆ ಮೊಟ್ಟೆಯ ಸುತ್ತ ಬೆಳೆಸುವ ಗಂಟು ಅದು. ಮರಿ ಒಳಗೇ ಬೆಳೆದು ರೆಕ್ಕೆ ಬಂದ ಮೇಲೆ ಕೊರೆದುಕೊಂಡು ಹೊರಬಿದ್ದ ದಾರಿಯೇ ನಾವು ಕಂಡ ತೂತು. ತೂತು ಬೀಳುವ ಮೊದಲೇ ಕೊಯ್ದ ಗಂಟಿನಲ್ಲಿ ಒಗರು ಹೆಚ್ಚೆಂದೂ, ಹಳೆಯ ವ್ಯಾಪಾರಿಗಳು ಅದಕ್ಕೆ ಬೇರೆ ಬೆಲೆ ಕಟ್ಟುತ್ತಿದ್ದರೆಂದೂ ಅವರು ವಿವರಿಸಿದರು. ಎಂದೂ ಜಮಖಂಡಿ ತಾಲೂಕು ದಾಟದ ನಮ್ಮ ಆಯಿಯ ಸೆರಗಿನ ಗಂಟಿನಲ್ಲಿ ಪರ್ಷಿಯಾದ ಕಣಜವೊಂದು ಬಿಟ್ಟುಹೋದ ಮನೆ ಇತ್ತೆಂಬುದನ್ನು ಕೇಳಿ ನಾನು ಸ್ವಲ್ಪ ಹೊತ್ತು ಏನನ್ನೂ ಬರೆದುಕೊಳ್ಳಲಿಲ್ಲ.

ಬಜೆಯ ವಿಷಯದಲ್ಲಿ ಅವರು ನೇರವಾಗಿ ಎಚ್ಚರಿಸಿದರು. ನಮ್ಮ ದೇಶದ ಬಜೆಯ ತೈಲದಲ್ಲಿ ಬೀಟಾ ಅಸರೋನ್ ಎಂಬ ಅಂಶ ಹೆಚ್ಚಿರುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅದು ಹಾನಿಕಾರಕವೆಂದು ಕಂಡುಬಂದದ್ದರಿಂದ ಅಮೆರಿಕದಲ್ಲಿ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬೆರೆಸುವುದನ್ನು ನಿಷೇಧಿಸಲಾಯಿತು. ನಾಲಗೆ ಹೊರಳಲೆಂದು ಕೂಸಿಗೆ ಬಜೆ ನೆಕ್ಕಿಸುವ ರೂಢಿಯನ್ನು ಅವರು ತಮ್ಮ ಮೊಮ್ಮಕ್ಕಳಿಗೆ ಮಾಡಲಿಲ್ಲವಂತೆ.

ಕೊನೆಗೆ ಉಳಿದವು ಆ ಎರಡು ಗಡ್ಡೆಗಳು. ಅತಿಬಜೆ ಇರಬೇಕು, ಅದೇ ಸಂಸ್ಕೃತದ ಅತಿವಿಷ, ಹಿಮಾಲಯದ ಎತ್ತರದಲ್ಲಿ ಬೆಳೆಯುವ ಬೇರು ಎಂದರು. ಹೆಸರಿನಲ್ಲಿ ವಿಷವಿದ್ದರೂ ಅದು ಕೊಲ್ಲುವ ಬೇರಲ್ಲ. ಆದರೆ ಅದೇ ಕುಲದ ವತ್ಸನಾಭಿ ಅತ್ಯಂತ ಅಲ್ಪ ಪ್ರಮಾಣದಲ್ಲೂ ಹೃದಯದ ಬಡಿತವನ್ನು ನಿಲ್ಲಿಸಬಲ್ಲದು. ಎರಡೂ ಗಡ್ಡೆಗಳು ನಿಜವಾಗಿ ಅತಿಬಜೆಯೇ ಎಂದು ತಿಳಿಯಬೇಕಾದರೆ ಮುರಿದು ನೋಡಬೇಕು. ಆಯಿ ಮುಟ್ಟಿದ್ದ ವಸ್ತುವನ್ನು ಮುರಿಯಲು ನನಗೆ ಮನಸ್ಸಾಗಲಿಲ್ಲ, ಮತ್ತು ಅದು ಚಿಗವ್ವನ ಸೊತ್ತು. ಅವಳನ್ನು ಕೇಳಿ ಮುರಿಸುವೆನೆಂದು ಹೇಳಿ ಬಂದೆ.

ಎರಡನೆಯ ದಿನ: ಜಾಂಬೋಟಿ, ಕಣಕುಂಬಿ

ಖಾನಾಪುರ ತಾಲೂಕಿನ ಈ ದಾರಿಯಲ್ಲಿ ಬೆಳಗಾವಿಯ ಕೆಂಪು ಹೊಲಗಳು ಮುಗಿಯುತ್ತಿದ್ದಂತೆ ಕಾಡು ಶುರುವಾಗುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕೊಳದ ಬಳಿ ಸ್ವಲ್ಪ ಹೊತ್ತು ಕುಳಿತು, ಜಾಂಬೋಟಿ ಸಮೀಪದ ಹಳ್ಳಿಯೊಂದರ ಹಿರಿಯರ ಮನೆಗೆ ಹೋದೆ. ಭೀಮಗಡ ವನ್ಯಧಾಮದೊಳಗೆ ಎಲೆಯನ್ನೂ ಕೀಳಬಾರದಾದ್ದರಿಂದ ಅವರು ತಮ್ಮದೇ ಹೊಲದ ಅಂಚಿನ ಕುರುಚಲಿನಲ್ಲಿ ನನ್ನನ್ನು ಸುತ್ತಾಡಿಸಿದರು. ಅವರ ಬಾಯಲ್ಲಿ ಒಂದೇ ಗಿಡಕ್ಕೆ ಕನ್ನಡದ ಹೆಸರೊಂದು, ಮರಾಠಿಯ ಹೆಸರೊಂದು ಸರಾಗವಾಗಿ ಬರುತ್ತಿದ್ದವು.

ಹಗ್ಗದಂತೆ ಹುರಿಗೊಂಡಿದ್ದ ತುಣುಕನ್ನು ತೋರಿಸಿದ ಕೂಡಲೇ ಅವರು ನಕ್ಕು, ಆಳೆತ್ತರದ ಪೊದೆಯೊಂದರ ಬಳಿಗೆ ಕರೆದೊಯ್ದರು. ಅದರ ತುಂಬ ಒಣಗಿದ ತಿರುಚುಕಾಯಿಗಳು ಜೋತುಬಿದ್ದಿದ್ದವು. ಅದೇ ಮುರುಡಸಿಂಗ, ಬೇರೆ ಕಡೆ ಎಡಮುರಿ ಎನ್ನುತ್ತಾರೆ. ಕಾಯಿ ಕರುಳಿನಂತೆ ಸುತ್ತಿಕೊಂಡಿರುವುದರಿಂದ ಕರುಳು ಹಿಂಡುವ ನೋವಿಗೆ ಅದು ಮದ್ದೆಂದು ಹಿಂದಿನವರು ನಂಬಿದರು. ರೂಪವನ್ನು ನೋಡಿ ಗುಣವನ್ನು ಊಹಿಸುವ ಈ ಕ್ರಮ ಎಷ್ಟೋ ದೇಶಗಳಲ್ಲಿತ್ತು. ಊಹೆ ಹಲವು ಸಲ ಸುಳ್ಳಾಗುತ್ತದೆ. ಆದರೆ ಬರಹವಿಲ್ಲದ ಜನಕ್ಕೆ ಯಾವ ಕಾಯಿ ಯಾವುದಕ್ಕೆಂದು ನೆನಪಿಡಲು ಅದು ಒಳ್ಳೆಯ ಗುರುತಾಗಿತ್ತೆಂದು ನನಗೆ ತೋರುತ್ತದೆ. ಅದೇ ಗಿಡದ ತೊಗಟೆಯ ನಾರಿನಿಂದ ಹಗ್ಗ ಹೊಸೆಯುತ್ತಾರೆಂದು ಹಿರಿಯರು ಸುಲಿದು ತೋರಿಸಿದರು.

ಕಪ್ಪಗೆ ಸುಕ್ಕುಗಟ್ಟಿದ್ದು ಅಳಲೆಕಾಯಿ, ಅವರ ಮಾತಿನಲ್ಲಿ ಹಿರಡಾ. ಬಲಿಯುವ ಮೊದಲೇ ಕೊಯ್ದು ಒಣಗಿಸಿದ ಚಿಕ್ಕ ಅಳಲೆಗೆ ಬಾಳಹಿರಡಾ ಎಂದು ಹೆಸರು, ಮತ್ತು ಗುಟ್ಟಿಗೆ ಸಲ್ಲುವುದು ಅದೇ. "ದೊಡ್ಡದು ಚರ್ಮಕ್ಕ, ಸಣ್ಣದು ಕೂಸಿಗೆ" ಎಂದು ಅವರು ಹೇಳಿದ ಮಾತು ನನಗೆ ಆಮೇಲೆ ದಾರಿಯುದ್ದಕ್ಕೂ ಯೋಚನೆಯಾಯಿತು. ಅಥಣಿ, ನಿಪ್ಪಾಣಿಯ ಚಮ್ಮಾರರು ಕೊಲ್ಹಾಪುರಿ ಚಪ್ಪಲಿಯ ತೊಗಲನ್ನು ಹದಮಾಡುವುದು ಜಾಲಿಯ ತೊಗಟೆ ಮತ್ತು ಅಳಲೆಯ ನೀರಿನಲ್ಲಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಆ ಚಪ್ಪಲಿಯ ಭೌಗೋಳಿಕ ಸೂಚಿಕೆಯಲ್ಲಿ, ಅಂದರೆ ಆ ಹೆಸರಿನಿಂದ ಅದನ್ನು ಮಾಡಬಹುದಾದ ಪ್ರದೇಶಗಳ ಕಾನೂನಿನ ಪಟ್ಟಿಯಲ್ಲಿ, ಸೇರಿವೆ. ಅಳಲೆಯ ಒಗರು ತೊಗಲಿನ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಬಿಗಿಗೊಳಿಸಿ ಕೊಳೆಯದಂತೆ ಕಾಯುತ್ತದೆ. ಬೇಧಿಯಾದಾಗ ಒಗರು ವಸ್ತುವನ್ನು ಕೊಡುವ ಹಳೆಯ ರೂಢಿಯ ಹಿಂದೆಯೂ ಇಂಥದೇ ಬಿಗಿಗೊಳಿಸುವ ಗುಣವಿದೆ. ಮಾಚಿಕಾಯಿಯ ಕೆಲಸವೂ ಇದೇ. ಗಂಟಿನಲ್ಲಿ ಎರಡು ಒಗರುಗಳು ಯಾಕಿದ್ದವೆಂಬುದು ನನಗೆ ಹೀಗೆ ಹೊಳೆಯಿತು: ಕೂಸುಗಳು ಬೇಧಿಯಿಂದಲೇ ಸಾಯುತ್ತಿದ್ದ ಕಾಲದ ಗಂಟು ಅದು.

ಮರಳುವಾಗ ಹಿರಿಯರು ಇನ್ನೊಂದು ಮರದ ಕಥೆ ಹೇಳಿದರು. ನರಕ್ಯಾ ಎಂದು ಕರೆಯುವ ಆ ಮರದ ಹೂವಿಗೆ ದುರ್ನಾತವಿದೆ, ಊರಿನವರು ಅದನ್ನು ಯಾವ ಮದ್ದಿಗೂ ಬಳಸುತ್ತಿರಲಿಲ್ಲ. 1966ರಲ್ಲಿ ಚೀನಾ ಮೂಲದ ಬೇರೊಂದು ಮರದಿಂದ ಅಮೆರಿಕದ ವಿಜ್ಞಾನಿಗಳು ಕ್ಯಾಂಪ್ಟೋಥೆಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು, ಕೆಲವೇ ವರ್ಷಗಳಲ್ಲಿ ಅದು ನಮ್ಮ ನರಕ್ಯಾದಲ್ಲಿಯೂ ಇದೆಯೆಂದು ತಿಳಿಯಿತು. ಅದರಿಂದ ಕ್ಯಾನ್ಸರಿನ ಔಷಧಿಗಳು ಬಂದವು. ಘಟ್ಟದ ಮರಗಳಿಗೆ ಕೊಡಲಿ ಬಿದ್ದದ್ದೂ ಆ ಮೇಲೆಯೇ.

ಮೂರನೆಯ ದಿನ: ತೇರದಾಳ

ಗೋಕಾಕ, ಮಹಾಲಿಂಗಪುರದ ಮೇಲೆ ಹಾಯ್ದು ಸಂಜೆಗೆ ಚಿಗವ್ವನ ಊರು ಮುಟ್ಟಿದೆ. ಅರಿಷಿಣ ಕೀಳುವ ಕಾಲ. ಕಬ್ಬಿನ ನಡುವಿನ ಹೊಲಗಳಲ್ಲಿ ಕಿತ್ತ ಗಡ್ಡೆಗಳ ರಾಶಿ ಬಿದ್ದಿತ್ತು, ಕೊಪ್ಪರಿಗೆಗಳಲ್ಲಿ ಕುದಿಯುತ್ತಿದ್ದ ಅರಿಷಿಣದ ಆವಿ ರಸ್ತೆಯವರೆಗೂ ಬರುತ್ತಿತ್ತು. ಕುದಿಸಿ, ಹದಿನೈದು ದಿನ ಬಿಸಿಲಿಗೆ ಹಾಕಿ, ತಿಕ್ಕಿ ಹೊಳಪು ಕೊಟ್ಟ ಕೊಂಬುಗಳು ಇಲ್ಲಿಂದ ಸಾಂಗ್ಲಿಯ ಪೇಟೆಗೆ ಹೋಗುತ್ತವೆ. ಗಾಯಕ್ಕೆ ಅರಿಷಿಣ ಹಚ್ಚುವುದನ್ನು ತಮ್ಮ ಶೋಧವೆಂದು ಹೇಳಿ ಅಮೆರಿಕದ ವಿಶ್ವವಿದ್ಯಾಲಯವೊಂದು 1995ರಲ್ಲಿ ಪೇಟೆಂಟ್ ಪಡೆದಿತ್ತು; ನಮ್ಮ ದೇಶದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್‌ಐಆರ್) ಹಳೆಯ ಗ್ರಂಥಗಳನ್ನೂ ಲೇಖನಗಳನ್ನೂ ಸಾಕ್ಷಿಯಾಗಿ ಮುಂದಿಟ್ಟು 1997ರಲ್ಲಿ ಅಮೆರಿಕದ ಪೇಟೆಂಟ್ ಕಚೇರಿಯಿಂದ ಅದನ್ನು ರದ್ದು ಮಾಡಿಸಿತು. ಬರೆದಿಟ್ಟದ್ದು ಇದ್ದುದರಿಂದ ಗೆಲುವಾಯಿತು. ಆಯಿಯ ಲೆಕ್ಕವನ್ನು ಯಾರೂ ಬರೆದಿಟ್ಟಿರಲಿಲ್ಲ.

ಆ ಲೆಕ್ಕವನ್ನು ನಾನು ಅಂದು ರಾತ್ರಿ ಚಿಗವ್ವನ ಅಡುಗೆಮನೆಯಲ್ಲಿ ಕೇಳಿದೆ. ಸಾಣೆಕಲ್ಲಿನ ನಡುವೆ ಬೊಗಸೆಯಂತೆ ತಗ್ಗು ಬಿದ್ದಿದೆ. ಅವಳು ಕಲ್ಲನ್ನು ಕುದಿನೀರಿನಿಂದ ತೊಳೆದು ತೋರಿಸಿದಳು.

"ತಿಂಗಳ ತುಂಬಿದ ಕೂಸಿಗೆ ಒಂದ ಸುತ್ತ. ಮೂರ ತಿಂಗಳಾತಂದ್ರ ಎಲ್ಡ. ಜಾಯಿಕಾಯಿ ಮಾತ್ರ ಕಲ್ಲಿಗೆ ತಾಗಿಸಿದಂಗ ಮಾಡಿ ತಗೀಬೇಕ, ಹೆಚ್ಚಾತಂದ್ರ ಕೂಸು ಎಚ್ಚರಾಗೂದಿಲ್ಲ. ನಮ್ಮತ್ತಿ ಎಣಸ್ತಾ ತೇಯತಿದ್ಲು, ನಡುವ ಯಾರರೆ ಮಾತಾಡ್ಸಿದ್ರ ಎಲ್ಲಾ ತೊಳದು ಮತ್ತ ಶುರು ಮಾಡಾಕಿ."

ತಕ್ಕಡಿಯಿಲ್ಲದ ಮನೆಯಲ್ಲಿ ಸುತ್ತೇ ತೂಕವಾಗಿತ್ತು. ಇಂದು ಫೋನಿನಿಂದ ಫೋನಿಗೆ ಹರಿದಾಡುವ ಮನೆಮದ್ದಿನ ಪಟ್ಟಿಗಳಲ್ಲಿ ಗಿಡದ ಹೆಸರಿರುತ್ತದೆ, ರೋಗದ ಹೆಸರಿರುತ್ತದೆ. ಎಷ್ಟು, ಎಷ್ಟು ದಿನ, ಯಾವಾಗ ನಿಲ್ಲಿಸಬೇಕು ಎಂಬುದು ಇರುವುದಿಲ್ಲ. ಆಯಿಯ ವಿದ್ಯೆಯ ಮುಖ್ಯ ಭಾಗ ಅದೇ ಆಗಿತ್ತೆಂದು ನಾನು ನಂಬುತ್ತೇನೆ. ಜ್ವರ ಬಂದ ಕೂಸಿಗೆ, ಕಣ್ಣು ಒಳಗೆ ಹೋದ ಕೂಸಿಗೆ ಅವಳು ಗುಟ್ಟಿ ಹಾಕುತ್ತಿರಲಿಲ್ಲವಂತೆ; "ಇದು ನನ್ನ ಕೈದಲ್ಲ" ಎಂದು ಚಕ್ಕಡಿ ಹೂಡಿಸುತ್ತಿದ್ದಳಂತೆ.

ಗಡ್ಡೆಗಳ ವಿಷಯ ಕೇಳಿದಾಗ ಚಿಗವ್ವ ಸ್ವಲ್ಪ ತಡವರಿಸಿದಳು. ಆಯಿಯ ಕಾಲದ್ದು ಒಂದೇ. ಅದು ಸವೆದು ಸಣ್ಣದಾದದ್ದರಿಂದ ಆಯಿ ತೀರಿಕೊಂಡ ಮೇಲೆ ಪೇಟೆಯ ಅಂಗಡಿಯೊಂದರಲ್ಲಿ ಅತಿಬಜಿ ಎಂದು ಕೇಳಿ ಇನ್ನೊಂದನ್ನು ತಂದು ಸೇರಿಸಿದ್ದಳು. "ಅಂವ ಕೊಟ್ಟ, ನಾ ತಂದೆ. ನಮ್ಮತ್ತಿ ಇದ್ದಿದ್ರ ಮುರದು ನೋಡತಿದ್ಲು" ಎಂದಳು. ಎರಡನ್ನೂ ಮುರಿಸಲು ಒಪ್ಪಿಗೆ ಕೊಟ್ಟಳು.

ನಾಲ್ಕನೆಯ ದಿನ: ಬಾಗಲಕೋಟೆ, ಬನಶಂಕರಿ

ಹೊರಡುವ ಮುನ್ನ ತೇರದಾಳದ ನೇಮಿನಾಥ ಬಸದಿಗೆ ಹೋಗಿಬಂದೆ. ಅಲ್ಲಿನ ಹಳೆಯ ಶಾಸನ 1123ರದು. ಅದೇ ಸುಮಾರಿಗೆ ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ದನಗಳ ಚಿಕಿತ್ಸೆಯ ಮೇಲೆ ಗೋವೈದ್ಯವನ್ನು ಕನ್ನಡದಲ್ಲಿ ಬರೆದ. ಅದಕ್ಕೂ ನೂರು ವರ್ಷ ಮೊದಲೇ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯ ಲೋಕೋಪಕಾರದಲ್ಲಿ ಅಡುಗೆ, ಬೇಸಾಯ, ನೀರಿನ ಸೆಲೆಗಳ ಜೊತೆಗೆ ವೈದ್ಯವನ್ನೂ ವಿಷಚಿಕಿತ್ಸೆಯನ್ನೂ ಕನ್ನಡಿಗರಿಗೆ ಹೇಳಿದ್ದ. ಜೈನ ವೈದ್ಯರದು ಇನ್ನೂ ವಿಶೇಷ: ಅಮೋಘವರ್ಷ ನೃಪತುಂಗನ ಕಾಲದ ಉಗ್ರಾದಿತ್ಯನ ಕಲ್ಯಾಣಕಾರಕ ಮಾಂಸವನ್ನೂ ಮದ್ಯವನ್ನೂ ಜೇನನ್ನೂ ಬಿಟ್ಟು ಔಷಧಿಗಳನ್ನು ಹೇಳಿತು, ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ವೈದ್ಯವನ್ನು ಕನ್ನಡಕ್ಕೆ ತಂದ. ಮನೆಮದ್ದನ್ನು ಬರಿಯ ಬಾಯಿಮಾತಿನ ವಿದ್ಯೆಯೆಂದು ತಿಳಿಯುವವರು ಈ ಗ್ರಂಥಗಳನ್ನು ಮರೆಯುತ್ತಾರೆ. ಅಳಲೆ, ನೆಲ್ಲಿ, ತಾರೆಕಾಯಿಗಳು ಅಡುಗೆಮನೆಗೆ ಬಂದದ್ದರಲ್ಲಿ ಬಸದಿ ಮಠಗಳ ಕೈಯೂ ಇರಬೇಕು.

ಮುಧೋಳ, ಲೋಕಾಪುರ, ಕಲಾದಗಿಯ ದಾಳಿಂಬೆ ತೋಟಗಳನ್ನು ದಾಟಿ ಬಾಗಲಕೋಟೆಯ ನವನಗರದಲ್ಲಿ ನನ್ನ ಗೆಳತಿಯ ಅತ್ತೆಯವರನ್ನು ಕಂಡೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಅವರ ಓಣಿ ಹೋಯಿತು. ಮನೆಗೆ ಪರಿಹಾರ ಬಂತು, ನಿವೇಶನವೂ ಬಂತು. ಹಿತ್ತಲಿಗೆ ಮಾತ್ರ ಯಾರೂ ಬೆಲೆ ಕಟ್ಟಲಿಲ್ಲ. ಬಾಣಂತಿಯ ನೀರಿಗೆ ಲಕ್ಕಿ ಸೊಪ್ಪು, ಕೆಮ್ಮಿಗೆ ಆಡುಸೋಗೆ, ನೆಗಡಿಗೆ ದೊಡ್ಡಪತ್ರೆ, ಸುಟ್ಟ ಗಾಯಕ್ಕೆ ಲೋಳೆಸರ, ಇವೆಲ್ಲ ಅಲ್ಲಿ ಕೈಯಳತೆಯಲ್ಲಿದ್ದವು. ಹೊಸ ಮನೆಯ ಸುತ್ತ ಫರಸಿಕಲ್ಲು ಹಾಸಿದ್ದಾರೆ. ಕುಂಡದಲ್ಲಿ ಉಳಿದದ್ದು ತುಳಸಿ ಮತ್ತು ದೊಡ್ಡಪತ್ರೆ. ಆಡುಸೋಗೆಯ ವ್ಯಾಸಿಸಿನ್ ಎಂಬ ಅಂಶವನ್ನು ಆಧರಿಸಿಯೇ ಬ್ರೋಮ್‌ಹೆಕ್ಸಿನ್ ಎಂಬ ಕಫ ಕರಗಿಸುವ ಔಷಧಿಯನ್ನು ರೂಪಿಸಿದರೆಂದು ನಾನು ಹೇಳಿದಾಗ, ಅವರು ತಮ್ಮ ಕೆಮ್ಮಿನ ಬಾಟಲಿಯನ್ನು ತಂದು ಕನ್ನಡಕ ಹಾಕಿಕೊಂಡು ಆ ಹೆಸರನ್ನು ಹುಡುಕಿದರು. ಅದು ಅಲ್ಲಿತ್ತು. "ಅಂದ್ರ ನಮ್ಮ ಹಿತ್ತಲದಾಗಿಂದ ಬಂದೈತಿ" ಎಂದು ಬಾಟಲಿಯನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು.

ಸಂಜೆ ಬಾದಾಮಿ ಬನಶಂಕರಿಗೆ ಹೋದೆ. ಬನದ ಹುಣ್ಣಿಮೆ ಸಮೀಪಿಸಿದ್ದರಿಂದ ಜಾತ್ರೆಯ ಅಂಗಡಿಗಳು ಎದ್ದಿದ್ದವು. ಮಳೆಯಿಲ್ಲದ ಬರದಲ್ಲಿ ತನ್ನ ಮೈಯಿಂದಲೇ ಸೊಪ್ಪು ಕಾಯಿಪಲ್ಲೆಗಳನ್ನು ಹುಟ್ಟಿಸಿ ಲೋಕವನ್ನು ಉಳಿಸಿದ ಶಾಕಂಭರಿ ಈಕೆ. ಪಲ್ಯದ ಹಬ್ಬಕ್ಕೆ ನೂರೆಂಟು ಬಗೆಯ ಪಲ್ಯಗಳ ನೈವೇದ್ಯವಾಗುತ್ತದೆ. ಅಷ್ಟು ಬಗೆಯನ್ನು ಕೂಡಿಸಬೇಕಾದರೆ ಹೊಲದ ಬದು, ಹಳ್ಳದ ದಂಡೆ, ಬೇಲಿಗಳಲ್ಲಿ ಬೆಳೆಯುವ ಸೊಪ್ಪುಗಳ ಗುರುತು ಮನೆಯ ಹೆಂಗಸರಿಗೆ ಇರಲೇಬೇಕು. ವರ್ಷಕ್ಕೊಮ್ಮೆ ಆ ಗುರುತನ್ನು ಹೊಸದು ಮಾಡಿಸುವ ಈ ಹಬ್ಬವನ್ನು ನಾನು ಮೊದಲು ಹಾಗೆ ನೋಡಿರಲಿಲ್ಲ.

ಐದನೆಯ ದಿನ: ವಿಜಯಪುರ

ಕೋಲ್ಹಾರದ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟಿ ಹತ್ತು ಗಂಟೆಗೆ ವಿಜಯಪುರಕ್ಕೆ ಬಂದೆ. ಗಂಟಿನೊಳಗಿನ ದೂರದ ವಸ್ತುಗಳು ನಮ್ಮ ನಾಡಿಗೆ ಹೇಗೆ ಬಂದಿರಬಹುದೆಂಬ ಯೋಚನೆಗೆ ಇದಕ್ಕಿಂತ ತಕ್ಕ ಊರಿಲ್ಲ. ಆದಿಲಶಾಹಿಗಳ ಕೈಯಲ್ಲಿ ಪಶ್ಚಿಮ ಕರಾವಳಿಯ ಬಂದರುಗಳಿದ್ದವು. 1510ರಲ್ಲಿ ಗೋವೆ ಪೋರ್ತುಗೀಸರ ಪಾಲಾಯಿತು. 1563ರಲ್ಲಿ ಅಲ್ಲಿ ಗಾರ್ಸಿಯಾ ದ ಒರ್ತ ಎಂಬ ವೈದ್ಯ ಹಿಂದುಸ್ತಾನದ ಮದ್ದುಗಳ ಮೇಲೆ ಬರೆದ ಗ್ರಂಥ ಅಚ್ಚಾಯಿತು, ಅದರಲ್ಲಿ ಜಾಯಿಕಾಯಿಯೂ ಇದೆ, ಅಳಲೆಯೂ ಇದೆ. 1637ರಲ್ಲಿ ಬಿಜಾಪುರದ ರಾಜ್ಯಕ್ಕೆ ಸೇರಿದ ವೆಂಗುರ್ಲೆಯಲ್ಲಿ ಡಚ್ಚರು ವ್ಯಾಪಾರದ ಕೋಠಿ ತೆರೆದರು. ಆಗ ಜಗತ್ತಿನ ಜಾಯಿಕಾಯಿಯೆಲ್ಲ ಇಂದಿನ ಇಂಡೋನೇಷ್ಯಾದ ಬಾಂದಾ ಎಂಬ ಪುಟ್ಟ ದ್ವೀಪಗಳಿಂದ ಬರುತ್ತಿತ್ತು, ಮತ್ತು ಆ ದ್ವೀಪಗಳನ್ನು 1621ರಲ್ಲಿ ರಕ್ತ ಹರಿಸಿ ವಶಪಡಿಸಿಕೊಂಡವರು ಇದೇ ಡಚ್ಚರು. ಕೂಸಿನ ನಿದ್ದೆಗೆಂದು ಕಲ್ಲಿಗೆ ತಾಗಿಸುವ ಕಾಯಿಗೆ ಇಂಥ ಚರಿತ್ರೆಯಿದೆ.

ವಿದ್ಯೆಗಳು ಕೂಡಿದ ಊರೂ ಇದು. ಎರಡನೆಯ ಇಬ್ರಾಹಿಂ ಆದಿಲಶಾಹನ ಆಸ್ಥಾನಕ್ಕೆ 1589ರಲ್ಲಿ ಬಂದ ಫಿರಿಷ್ತಾನನ್ನು ನಾವು ಇತಿಹಾಸಕಾರನೆಂದು ಮಾತ್ರ ಬಲ್ಲೆವು. ಅವನು ಪಾರ್ಸಿ ಬಲ್ಲ ವೈದ್ಯರಿಗೆ ಈ ದೇಶದ ವೈದ್ಯವನ್ನು ತಿಳಿಸಲೆಂದು ದಸ್ತೂರ್ ಉಲ್ ಅತಿಬ್ಬಾ ಎಂಬ ಗ್ರಂಥವನ್ನೂ ಬರೆದ. ಪರದೇಶದಿಂದ ಬಂದ ವೈದ್ಯ ಇಲ್ಲಿನ ಗಿಡಗಳ ಗುಣ ಕೇಳಿದ. ಇಲ್ಲಿನ ಬಾಣಂತಿ ಮನೆಗೆ ಅವನ ದೇಶದ ಕಡೆಯ ಮಾಚಿಕಾಯಿ ಬಂತು.

ಗಾಂಧಿ ಚೌಕದ ಹಿಂದಿನ ಗಲ್ಲಿಯ ಮೂಲಿಕೆ ಅಂಗಡಿಯಲ್ಲಿ ಕುಳಿತಿದ್ದ ವೃದ್ಧ ಹಕೀಮರ ಮುಂದೆ ಗಂಟು ಬಿಚ್ಚಿದೆ. ಅವರು ಮಾಚಿಕಾಯಿಯನ್ನು "ಮಾಜೂ" ಎಂದು ಗುರುತಿಸಿ ಬದಿಗಿಟ್ಟು, ಎರಡು ಗಡ್ಡೆಗಳನ್ನು ತೆಗೆದುಕೊಂಡರು. "ಮುರೀಲೇನವಾ ತಾಯಿ?" ಎಂದು ಕೇಳಿಯೇ ಮುರಿದರು. ಆಯಿಯ ಸವೆದ ತುಣುಕು ಸುಣ್ಣದಂತೆ ಬೆಳ್ಳಗೆ ಒಡೆಯಿತು, ನಡುವೆ ಸೂಜಿ ಚುಚ್ಚಿದಂಥ ನಾಲ್ಕು ಕಪ್ಪು ಚುಕ್ಕೆಗಳಿದ್ದವು. ಇನ್ನೊಂದು ಕಂದಾಗಿ, ನಾರುನಾರಾಗಿ ಹರಿಯಿತು, ಚುಕ್ಕೆಗಳಿರಲಿಲ್ಲ.

"ಇದು ಅತೀಸ್. ಅದು ಅಲ್ಲ" ಎಂದರು. ಅತೀಸ್ ಎಂದರೆ ನಮ್ಮ ಅತಿಬಜೆಯೇ. ಅದು ಯಾವುದೆಂದು ಕೇಳಿದ್ದಕ್ಕೆ, ತುಂಗೆಯ ಗಡ್ಡೆಯಾದರೂ ಇರಬಹುದು, ಗ್ರಂಥಗಳೇ ಅತಿವಿಷ ಸಿಗದಿದ್ದರೆ ತುಂಗೆಯನ್ನು ಬದಲಿಯಾಗಿ ಹೇಳುತ್ತವೆ, ಆದರೆ ಖಾತ್ರಿಯಿಲ್ಲದ್ದನ್ನು ಹೆಸರಿಟ್ಟು ಕರೆಯುವುದಿಲ್ಲ ಎಂದರು. ಹಿಮಾಲಯದ ಬೇರು ಈಗ ಅಪರೂಪವಾಗಿದೆ, ಬೆಲೆ ಏರಿದಷ್ಟೂ ಬೇರೆ ಗಡ್ಡೆಗಳು ಅದರ ಚೀಲದೊಳಗೆ ಸೇರುತ್ತವೆ ಎಂಬುದು ಅವರ ಅನುಭವ. ನಾನು ದುಡ್ಡು ಕೊಡಲು ಹೋದಾಗ ಕೈ ಅಡ್ಡ ಮಾಡಿದರು.

ರಾತ್ರಿ ಬಸ್ ನಿಲ್ದಾಣದಿಂದ ತಂಗಿಗೆ ಫೋನ್ ಮಾಡಿ ಗಂಟಿನಲ್ಲಿ ಏನೇನಿದೆಯೆಂದು ಒಂದೊಂದಾಗಿ ಹೇಳಿದೆ. ಕೂಸಿಗೆ ಬೇಡವೆಂಬ ನನ್ನ ಮಾತಿಗೆ ಅವಳು ಈ ಸಲ ಎದುರಾಡಲಿಲ್ಲ; ಆಯಿಯ ಸುತ್ತಿನ ಲೆಕ್ಕವನ್ನು ಮಾತ್ರ ಬರೆದುಕೊಂಡು ಬಾ ಎಂದಳು. ಬಳಿಕ ಚಿಗವ್ವನಿಗೆ ಮಾಡಿದೆ. ಅವಳು ತಂದ ಗಡ್ಡೆ ಅತಿಬಜೆಯಲ್ಲವೆಂದು ಹೇಳಲು ನನಗೆ ಸಂಕೋಚವಾಯಿತು. ಒಗೆದುಬಿಡಲೇ ಎಂದು ಕೇಳಿದೆ.

"ಒಗೀಬ್ಯಾಡ" ಎಂದಳು. "ಬ್ಯಾರೆ ಚೀಟಿಯೊಳಗ ಕಟ್ಟಿ, ಅಲ್ಲಂತ ಬರದಿಡು. ನಾಳೆ ಯಾವನರೆ ಅತಿಬಜಿ ಅಂತ ಕೊಟ್ಟರ, ಎಲ್ಡೂ ಮುಂದಿಟ್ಟಕೊಂಡು ನೋಡಾಕ ಬೇಕಾಗತೈತಿ."